ಯಾವುದರ ಗುತ್ತಿಗೆ?

ತಿಪಟೂರಿನ ವಕೀಲರ ಸಂಘದ ಲೈಬ್ರರಿಯಲ್ಲಿ ಕಿಟಕಿ ಪಕ್ಕದ ಮೇಜು ನನ್ನದು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಪ್ರೀತಿಯಿಂದೇನಲ್ಲ, ಅದರ ಒಂದು ಕಾಲು ಗಿಡ್ಡ. ರದ್ದಾಗಿ ಹೋದ ಯಾವುದೋ ಕಾಯ್ದೆಯ ಪುಸ್ತಕವನ್ನು ಆ ಕಾಲಿನಡಿ ಕೊಟ್ಟು ನಾನು ಅಲ್ಲಿ ಸಂಸಾರ ಹೂಡಿದ್ದೆ. ತೊಂಬತ್ತರ ದಶಕದ ಕೊನೆಯ ವರ್ಷಗಳು. ಬೆಳಿಗ್ಗೆ ಸೀನಿಯರ್ ಹಿಂದೆ ಫೈಲು ಹಿಡಿದು ಮುನ್ಸೀಫ್ ಕೋರ್ಟಿನಲ್ಲಿ ನಿಲ್ಲುವುದು, ಮಧ್ಯಾಹ್ನದ ಮೇಲೆ ಈ ಮೇಜಿಗೆ ಬಂದು ಒಂದು ಕಾನೂನು ಕೈಪಿಡಿಯ ಎರಡನೇ ಆವೃತ್ತಿಗೆ ಕಾರ್ಡು ಬರೆಯುವುದು. ಮೊದಲನೆಯದರಲ್ಲಿ ಕಾಲು ನೋಯುತ್ತಿತ್ತು, ಎರಡನೆಯದರಲ್ಲಿ ಕಣ್ಣು.

ಕೈಪಿಡಿಯನ್ನು ಬೆಂಗಳೂರಿನ ಒಬ್ಬ ಸಣ್ಣ ಪ್ರಕಾಶಕರು ತಾಲ್ಲೂಕು ಕೋರ್ಟುಗಳ ವಕೀಲರಿಗಾಗಿ ತಂದಿದ್ದರು. ಜಮೀನು, ಮರ, ಬಾವಿ, ಬದು, ಬಂಡಿದಾರಿ, ಹೀಗೆ ಹಳ್ಳಿಯ ವ್ಯಾಜ್ಯಗಳಿಗೆ ಬೇಕಾದ ಕಾಯ್ದೆಯ ಕಲಮುಗಳು, ಹೈಕೋರ್ಟ್ ತೀರ್ಪುಗಳ ಸಾರ, ಎಲ್ಲವೂ ಕನ್ನಡ ಅಕಾರಾದಿಯಲ್ಲಿ. ಇಂಗ್ಲಿಷ್ ಡೈಜೆಸ್ಟುಗಳ ದಪ್ಪ ಸಂಪುಟ ಕೊಳ್ಳಲಾಗದವರು ಇದೊಂದನ್ನು ಕೋಟಿನ ಜೊತೆಗೇ ಹೊತ್ತು ತರುತ್ತಿದ್ದರು. ಮೊದಲ ಆವೃತ್ತಿಯನ್ನು ಮಾಡಿದವರು ತೀರಿಹೋಗಿದ್ದರಿಂದ ಪರಿಷ್ಕರಣೆ ಯಾರ ಯಾರ ಕೈಯನ್ನೋ ದಾಟಿ ನನ್ನ ಕುಂಟು ಮೇಜಿಗೆ ಬಂದಿತ್ತು.

ಕೆಲಸದ ಕ್ರಮ ಹೀಗಿತ್ತು. ಒಂದು ಪದಕ್ಕೆ ಒಂದು ಕಾರ್ಡು. ಮೇಲೆ ಕನ್ನಡ ಪದ, ಅದರ ಕೆಳಗೆ ಕಾಯ್ದೆಯ ಕಲಂ, ಆಮೇಲೆ ತೀರ್ಪಿನ ಸಾರ, ಮೂಲೆಯಲ್ಲಿ ಸಂಪುಟ ಮತ್ತು ಪುಟ. ಮೊದಲ ಆವೃತ್ತಿಯಲ್ಲಿದ್ದ ಪ್ರತಿ ತೀರ್ಪೂ ಇನ್ನೂ ಉಸಿರಾಡುತ್ತಿದೆಯೇ, ಮುಂದಿನ ಯಾವುದಾದರೂ ತೀರ್ಪು ಅದನ್ನು ತಳ್ಳಿಹಾಕಿದೆಯೇ ಎಂದು ಮೂಲ ಸಂಪುಟ ತೆಗೆದು ನೋಡಬೇಕು. ಸತ್ತ ತೀರ್ಪನ್ನು ಕೋರ್ಟಿನಲ್ಲಿ ಓದಿದರೆ ಎದುರಿನ ವಕೀಲರು ನಗುತ್ತಾರೆ. ಅದನ್ನು ಓದಿದ್ದು ಕೈಪಿಡಿ ನೋಡಿ ಎಂದು ಗೊತ್ತಾದರೆ ಪ್ರಕಾಶಕರು ಅಳುತ್ತಾರೆ. ಕಾರ್ಡುಗಳನ್ನು ನಾನು ಚಪ್ಪಲಿ ಅಂಗಡಿಯ ಖಾಲಿ ಡಬ್ಬಗಳಲ್ಲಿ ಜೋಡಿಸಿಡುತ್ತಿದ್ದೆ. 'ಕ' ಮುಗಿದಿತ್ತು, 'ಗ' ನಡೆಯುತ್ತಿತ್ತು.

'ಗ'ದಲ್ಲಿ ಗುತ್ತಿಗೆ. ಮೊದಲ ಆವೃತ್ತಿಯವರು ಆ ಪದದ ಮುಂದೆ ಸಮಚಿಹ್ನೆ ಹಾಕಿ 'ಲೀಸ್' ಎಂದು ಬರೆದು, ಕೆಳಗೆ ಲೀಸಿನ ತೀರ್ಪುಗಳನ್ನೆಲ್ಲ ಪಟ್ಟಿಮಾಡಿದ್ದರು. ಸರ್ಕಾರಿ ಪದಕೋಶಗಳೂ ಹಾಗೇ ಹೇಳುತ್ತಿದ್ದವು. ಆ ಸಮಚಿಹ್ನೆ ಏನು ಮಾಡಬಲ್ಲದು ಎಂದು ನನಗೆ ಗೊತ್ತಾದದ್ದು ಮೇಜಿನ ಮುಂದಲ್ಲ, ಕೋರ್ಟಿನೊಳಗೆ.

ನಮ್ಮ ಸೀನಿಯರ್ ನಡೆಸುತ್ತಿದ್ದ ಒಂದು ದಾವೆ ಇತ್ತು. ನಾವು ಪ್ರತಿವಾದಿಯ ಕಡೆ; ಆಕೆ ತಿಪಟೂರಿನಲ್ಲೇ ಹೆಂಗಸರ ಬಟ್ಟೆ ಹೊಲಿಯುವ ಒಬ್ಬ ಮುಸ್ಲಿಂ ಹೆಂಗಸು. ಊರೆಲ್ಲ ಟೈಲರಮ್ಮ ಎನ್ನುತ್ತಿದ್ದುದರಿಂದ ನಾನೂ ಹಾಗೇ ಕರೆಯುತ್ತೇನೆ. ನಮ್ಮ ತಾಲ್ಲೂಕಿನ ಅಂಚಿನಲ್ಲಿ, ಶೆಟ್ಟಿಕೆರೆಗೆ ಹೋಗುವ ಬಸ್ಸಿನ ದಾರಿಯಲ್ಲಿ, ಅವರಿಗೆ ತಾಯಿ ಕೊಟ್ಟ ಒಂದು ಸಣ್ಣ ತೆಂಗಿನ ತೋಟವಿತ್ತು. ಹೊಲಿಗೆ ಬಿಟ್ಟು ಕಾಯಿ ಕೀಳಿಸಿ ಮಾರಲು ಪುರುಸೊತ್ತಿಲ್ಲದೆ ವರ್ಷವರ್ಷವೂ ಹಂದನಕೆರೆಯ ಒಬ್ಬ ಕಾಯಿ ವ್ಯಾಪಾರಿಗೆ ಗುತ್ತಿಗೆ ಕೊಡುತ್ತಿದ್ದರು. ಆ ವರ್ಷ ಅವನಿಗೆ ಒಂದು ಮಾತೂ ಹೇಳದೆ ಬೇರೆಯವರಿಗೆ ಮಾತು ಕೊಟ್ಟರು. ವ್ಯಾಪಾರಿಗೆ ಉರಿದುಹೋಯಿತು. ತಾನು ತೋಟವನ್ನು ಲೀಸಿಗೆ ಹಿಡಿದವನು, ತೋಟ ತನ್ನ ಸ್ವಾಧೀನದಲ್ಲಿದೆ, ಕಾವಲಿಗೆ ಗುಡಿಸಲು ಹಾಕಿದ್ದೇನೆ, ಬೇಲಿ ಕಟ್ಟಿಸಿದ್ದೇನೆ ಎಂದು ದಾವೆ ಹೂಡಿ, ಆಕೆ ತೋಟಕ್ಕೆ ಕಾಲಿಡದಂತೆ ತಾತ್ಕಾಲಿಕ ತಡೆಯಾಜ್ಞೆ, ಅಂದರೆ ಇಂಜಂಕ್ಷನ್, ತಂದ. ಟೈಲರಮ್ಮನ ಬಾಯಲ್ಲಿ ಅದು, "ಇಂಜೆಕ್ಷನ್ ಚುಚ್ಚಿಸವ್ನೆ ನೋಡಿ ನಂಗೆ."

ಇಡೀ ದಾವೆ ನಿಂತದ್ದು ಒಂದೇ ಪ್ರಶ್ನೆಯ ಮೇಲೆ. ಲೀಸ್ ಎಂದಾದರೆ ನೆಲದ ಸ್ವಾಧೀನವೇ ಅವನಿಗೆ ಹೋಯಿತು, ಅಷ್ಟು ಸುಲಭವಾಗಿ ಎಬ್ಬಿಸಲಾಗದು. ಅದೂ ಅಲ್ಲದೆ ಕೃಷಿ ಜಮೀನನ್ನು ಲೀಸಿಗೆ ಕೊಡುವುದನ್ನೇ ಭೂಸುಧಾರಣಾ ಕಾಯ್ದೆ ತಡೆದಿತ್ತು. ಕೊಟ್ಟೆ ಎಂದು ಒಪ್ಪಿಕೊಂಡವರ ಜಮೀನಿನ ಮೇಲೆ ನಾಳೆ ಸರ್ಕಾರದ ಕಣ್ಣೂ ಬೀಳಬಹುದು. ಬರೀ ಕಾಯಿ ಮಾರಿದ್ದು ಎಂದಾದರೆ ವರ್ಷ ಮುಗಿದ ಮೇಲೆ ಅವನಿಗೂ ತೋಟಕ್ಕೂ ಸಂಬಂಧವಿಲ್ಲ.

ಟೈಲರಮ್ಮನ ಪಾಟೀಸವಾಲಿನ ದಿನ. ವಾದಿಯ ವಕೀಲರು ಚಿಕ್ಕನಾಯಕನಹಳ್ಳಿಯವರು, ನಮ್ಮ ಸೀನಿಯರ್ ಓರಗೆಯವರು, ಮೆಲುದನಿಯ ಮನುಷ್ಯ. ಅದೂ ಇದೂ ಕೇಳಿ, ಕೊನೆಗೆ ಏನೂ ಅಲ್ಲವೆಂಬಂತೆ, "ತೋಟ ಗುತ್ತಿಗೆಗೆ ಕೊಟ್ಟಿದ್ದೆ ತಾನೇನಮ್ಮ?" ಎಂದರು.

"ಹೂಂ ಸಾರ್, ಕೊಟ್ಟಿದ್ದೆ. ವರ್ಷಾ ವರ್ಷಾ ಇವ್ರಿಗೇ ಕೊಡ್ತಿದ್ದೆ. ಅದ್ರಲ್ಲೇನು ಕದ್ದುಮುಚ್ಚಿ?"

ಜಡ್ಜ್ ಸಾಹೇಬರು ಧಾರವಾಡದ ಕಡೆಯವರು, ನಮ್ಮಲ್ಲಿಗೆ ಹೊಸಬರು. ಅವರ ಕಡೆ ಭೂಮಿಯನ್ನು ಉಳಲು ಕೊಟ್ಟರೆ ಅದಕ್ಕೆ ಲಾವಣಿ ಎನ್ನುತ್ತಾರೆ, ಗುತ್ತಿಗೆ ಅವರಿಗೆ ಕಾಗದದಲ್ಲಿ ಕಂಡ ಪದ. ಟೈಪಿಸ್ಟನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಬರೆಸಿದರು: 'ಐ ಹ್ಯಾಡ್ ಲೀಸ್ಡ್ ದ ಗಾರ್ಡನ್ ಟು ದ ಪ್ಲೇಂಟಿಫ್.' ಆಮೇಲೆ ನಮ್ಮ ಕಡೆ ನೋಡಿ, "ಮರುವಿಚಾರಣೆ ಏನರ ಐತೇನ್ರೀ?" ಎಂದರು. ಸೀನಿಯರ್ ಎದ್ದು, "ಇಲ್ಲ ಸ್ವಾಮಿ" ಎಂದು ಕೂತರು. ಗುತ್ತಿಗೆ ಎಂದರೆ ಏನು ಎಂದು ಕೇಳುವುದು ಅವರಿಗೆ ತೆಂಗಿನಕಾಯಿ ಎಂದರೆ ಏನು ಎಂದು ಕೇಳಿದಂತೆ. ತಿಪಟೂರಿನವರು ಮಾತ್ರ ಮಾಡಬಲ್ಲ ತಪ್ಪು ಅದು. ಟೈಲರಮ್ಮ ಕನ್ನಡದಲ್ಲಿ ಸಹಿ ಹಾಕಿ ಇಳಿದರು.

ಆಗ ವಾದಿಯ ವಕೀಲರು ಚೀಲಕ್ಕೆ ಕೈಹಾಕಿ ನಮ್ಮ ಕೈಪಿಡಿಯ ಮೊದಲ ಆವೃತ್ತಿಯನ್ನು ತೆಗೆದರು. ಗುರುತಿಗೆ ಇಟ್ಟಿದ್ದ ಬಸ್ ಟಿಕೆಟನ್ನು ಎತ್ತಿ, ಸಮಚಿಹ್ನೆಯ ಸಾಲನ್ನು ಸಾವಧಾನವಾಗಿ ಓದಿದರು. ಜಡ್ಜ್ ಸಾಹೇಬರು ಪುಸ್ತಕ ತರಿಸಿಕೊಂಡು, ಆ ಪುಟವನ್ನು ಹಾಳೆಯ ಮೇಲೆ ಗುರುತು ಹಾಕಿಕೊಂಡರು. ವಾದ ಕೇಳಲು ಮುಂದಿನ ವಾಯಿದೆ ಕೊಟ್ಟರು.

ಕೋರ್ಟಿನ ಎದುರಿನ ಕಾಫಿ ಅಂಗಡಿಯಲ್ಲಿ ಸೀನಿಯರ್ ಉಲ್ಲಾಸವಾಗಿಯೇ ಇದ್ದರು. "ಎಲ್ಲಾ ನಿನ್ ಕೈಲೇ ಐತಲ್ಲಮ್ಮ. 'ಕಾಯಿ ಗುತ್ತಿಗೆ ಲೀಸ್ ಅಲ್ಲ' ಅಂತ ಹೊಸ ಆವೃತ್ತೀಲಿ ಒಂದು ಸಾಲು ಹಾಕ್ಬುಡು. ಪ್ರೂಫ್ ಹಾಳೆ ಬಂದ್ರೂ ಸಾಕು, ಜಡ್ಜ್ ಮುಂದೆ ಇಡ್ತೀನಿ."

"ಯಾವ ತೀರ್ಪಿನ ಆಧಾರ ಅಂತ ಹಾಕ್ಲಿ ಸಾರ್?"

"ಆಧಾರ ಆಮೇಲೆ ನೋಡ್ಕಳನ ಬುಡು."

"ನಾವೇ ಬರೆದು, ನಾವೇ ಅಚ್ಚು ಹಾಕ್ಸಿ, ನಾವೇ ಕೋರ್ಟಲ್ಲಿ ಓದೋದಾ ಸಾರ್?"

"ಅಯ್ಯೋ, ಬೆಣ್ಣೆ ಕೈಲಿಟ್ಕಂಡು ತುಪ್ಪಕ್ಕೆ ಊರೆಲ್ಲಾ ಅಲೆದಂಗಾಯ್ತು ಕಣಮ್ಮ ನಿನ್ ಕತೆ," ಎಂದು ಲೋಟ ಕುಕ್ಕಿದರು. "ಸುಳ್ಳೇನು ಬರಿ ಅಂದ್ನಾ? ನಿಜಾನೇ ತಾನೆ?"

ನಿಜವೇ. ಅದೇ ಕಷ್ಟ. ನನಗೆ ಆಸೆಯಾಗಲಿಲ್ಲ ಎಂದರೆ ಅದು ಸುಳ್ಳಾದೀತು. ಒಂದು ಕಾರ್ಡು, ಒಂದು ಸಾಲು, ಬೆಂಗಳೂರಿಗೆ ಒಂದು ಫೋನು. ಆದರೆ ಕೈಪಿಡಿಯನ್ನು ನಂಬಿ ನೂರಾರು ಜನ ಕೋರ್ಟಿನಲ್ಲಿ ನಿಲ್ಲುವುದು, ಅದರಲ್ಲಿರುವುದು ಬರೆದವರ ಮಾತಲ್ಲ, ಕಾಯ್ದೆಯ ಮತ್ತು ತೀರ್ಪಿನ ಮಾತು ಎಂಬ ಧೈರ್ಯದಿಂದ. ಅದರೊಳಗೆ ನನ್ನ ಕಕ್ಷಿದಾರಳ ಅನುಕೂಲಕ್ಕೆ ನಾನೇ ಒಂದು ಸಾಲು ಸೇರಿಸಿದೆನೆಂದರೆ ಮಿಕ್ಕ ಸಾಲುಗಳೂ ಹಾಗೇ ಬಂದಿರಬಹುದಲ್ಲ ಎಂದು ಯಾರಾದರೂ ಕೇಳಬಹುದು, ಕೇಳಿದರೆ ತಪ್ಪಿಲ್ಲ.

ಹಾಗಂತ ಟೈಲರಮ್ಮನಿಗೆ ಹೇಳಲು ಅವರ ಅಂಗಡಿಗೆ ಹೋದೆ. ಆಕೆ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಕೋರ್ಟಿನಲ್ಲಿ ಇಂಗ್ಲಿಷಿನಲ್ಲಿ ಏನು ಬರೆದುಕೊಂಡರು ಎಂದು ವಿವರಿಸಿದೆ. ಗೆರೆ ಎಳೆಯುವುದು ನಿಂತಿತು.

"ಯಾ ಅಲ್ಲಾ! ನಾನು ಯಾವಾಗ ಹಂಗಂದೆ? ಜನ ನನ್ ಹತ್ರ ಬ್ಲೌಸ್ ಪೀಸ್ ತಂದ್ಕೊಡ್ತಾರೆ. ಬಟ್ಟೆ ನನ್ ಅಂಗ್ಡೀಲಿ ಐತೆ ಅಂತ ನಂದಾಗ್ಬುಡ್ತದಾ? ನಿಮ್ ಕಾನೂನಿಗೆ ಕನ್ನಡ ಬರಾಕಿಲ್ವಾ?"

"ಬರುತ್ತೆ, ಬೇರೆ ಊರಿನ ಕನ್ನಡ," ಎಂದೆ. ಆಕೆ ನಗಲಿಲ್ಲ.

"ನನ್ನ ತೋಟನ ನಾನು ಬಸ್ ಟಿಕೆಟ್ ತಗಂಡು ಕಿಟಕೀಲಿ ನೋಡಂಗಾಗೈತೆ ಲಾಯರಮ್ಮ. ಬೇಸಿಗೆ ಸುರುವಾಗೈತೆ. ಮೋಟ್ರು ಹಾಕಾಕೆ ಹೋದ್ರೆ ಪೊಲೀಸ್ ತರ್ತೀನಿ ಅಂತಾನೆ. ಅಮ್ಮೀ ಕೈಯಾರೆ ಇಟ್ಟಿದ್ ಮರ ಅವು, ಗರಿ ಹಳದಿ ಆಗ್ತಾ ಬಂದೈತೆ." ಕತ್ತರಿ ತೆಗೆದುಕೊಂಡು ಗೆರೆಯ ಗುಂಟ ಬಟ್ಟೆ ಕತ್ತರಿಸತೊಡಗಿದರು. ಪುಸ್ತಕದ ಶುದ್ಧತೆಯ ಬಗ್ಗೆ ನಾನು ಸಿದ್ಧಮಾಡಿಕೊಂಡು ಹೋಗಿದ್ದ ಮಾತನ್ನು ಹಾಗೇ ವಾಪಸ್ಸು ತಂದೆ.

ಎಸ್‌ಟಿಡಿ ಬೂತಿನಿಂದ ಪ್ರಕಾಶಕರಿಗೆ ಫೋನು ಮಾಡಿದೆ. 'ಗುತ್ತಿಗೆ'ಯ ಕಾರ್ಡನ್ನು ಸದ್ಯಕ್ಕೆ ಕೊಡುವುದಿಲ್ಲ, ಆ ಪದದ ಮೇಲೆ ನಾನು ಕಿರಿಯ ವಕೀಲಳಾಗಿರುವ ದಾವೆ ನಡೆಯುತ್ತಿದೆ, ಅದು ಮುಗಿಯುವವರೆಗೆ ಆ ನಮೂದನ್ನು ಮುಟ್ಟುವುದಿಲ್ಲ ಎಂದೆ. ಹಳೆಯದನ್ನು ಹಾಗೇ ಅಚ್ಚು ಮಾಡುವುದೂ ಬೇಡ ಎಂದೆ.

"ಏನಮ್ಮಾ ಇದು! 'ಗು' ಬಿಟ್ಟು 'ಗೃ' ಹೆಂಗೆ ಕಂಪೋಸ್ ಮಾಡಿಸ್ಲಿ? ಪುಟಸಂಖ್ಯೆ ಎಲ್ಲಾ ಏರುಪೇರಾಗುತ್ತೆ, ಹಿಂದಿನ ಪದಸೂಚಿ ಕಥೆ ಏನು?"

"'ಗ' ಪೂರ್ತಿ ಪಕ್ಕಕ್ಕಿಡಿ ಸಾರ್. 'ಚ'ದಿಂದ ಕಳಿಸ್ತೀನಿ. ಆಮೇಲೆ ಕೂಡಿಸೋಣ."

"ನಿಮ್ಮನ್ನ ನಂಬಿ ನಾನು ಕೆಟ್ಟೆ," ಎಂದರು. ಫೋನಿಡುವ ಮೊದಲು, ಒಲ್ಲದ ದನಿಯಲ್ಲಿ, "ಆಯ್ತು, 'ಚ' ಕಳ್ಸಿ" ಎಂದರು. ಸೀನಿಯರ್ ಎರಡು ದಿನ ಫೈಲನ್ನು ನನ್ನ ಕೈಗೆ ಕೊಡದೆ ತಾವೇ ಹೊತ್ತರು. ಅವರ ಮುನಿಸು ನನಗೆ ಅಷ್ಟೇನೂ ಭಾರವಾಗಲಿಲ್ಲ. ಕೋರ್ಟಿಗೆ ಹೋಗುವ ದಾರಿಯಲ್ಲಿ ಟೈಲರಮ್ಮನ ಅಂಗಡಿ ದಾಟುವುದು ಭಾರವಾಗಿತ್ತು.

ಅಷ್ಟರಲ್ಲಿ ಲೀಸಿನ ಶೀರ್ಷಿಕೆಯ ಕೆಳಗಿನ ತೀರ್ಪುಗಳನ್ನು ಜಾಲಾಡಿದ್ದೆ. ಡೈಜೆಸ್ಟಿನ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದೆ. ಎಲ್ಲ ಮನೆ, ಮಳಿಗೆ, ಗದ್ದೆ. ತೋಟದವು ಸಿಕ್ಕರೆ ನೆಲ ಉತ್ತವರವು, ನಮಗೇ ತಿರುಗಿ ಬೀಳುವಂಥವು. ತುರುವೇಕೆರೆಯ ಸಂಘದ ಬೀರುವಿನಲ್ಲಿ ಹಳೆಯ ಸಂಪುಟಗಳಿವೆ ಎಂದು ಕೇಳಿ ಅಲ್ಲಿಗೂ ಹೋದೆ. ಗೆದ್ದಲು ನನಗಿಂತ ಮೊದಲೇ ಓದಿ ಮುಗಿಸಿತ್ತು. ಹತಾಶಳಾಗಿ ಬಂದು, ಕೊಟ್ಟ ಮಾತಿನಂತೆ 'ಚ' ಶುರುಮಾಡಿದೆ.

'ಚ'ದಲ್ಲಿ ಚರಸ್ವತ್ತು. ಮೊದಲ ಆವೃತ್ತಿಯಲ್ಲಿ ಅದಕ್ಕೆ ಸಾರವೇ ಇರಲಿಲ್ಲ, 'ನೋಂದಣಿ ನೋಡಿ' ಎಂದು ಕೈತೊಳೆದುಕೊಂಡಿದ್ದರು. ನೋಂದಣಿ ಕಾಯ್ದೆಯನ್ನು ನಾವು ತೆಗೆಯುವುದು ಕ್ರಯಪತ್ರ ರಿಜಿಸ್ಟರ್ ಆಗಿದೆಯೋ ಇಲ್ಲವೋ ಎಂಬ ಜಗಳಕ್ಕೆ ಮಾತ್ರ. ಅದರ ಆರಂಭದ ವ್ಯಾಖ್ಯೆಗಳನ್ನು ಪರೀಕ್ಷೆ ಮುಗಿದ ಮೇಲೆ ಯಾರೂ ಓದಿರುವುದಿಲ್ಲ, ನಾನೂ ಓದಿರಲಿಲ್ಲ. ಕಾರ್ಡಿಗೆ ಇಳಿಸಿಕೊಳ್ಳಲೆಂದು ಸಾಲುಸಾಲಾಗಿ ಕನ್ನಡಕ್ಕೆ ತಿರುಗಿಸುತ್ತಾ ಹೋದೆ. ಚರಸ್ವತ್ತು ಎಂದರೆ ಕಡಿಯುವುದಕ್ಕಿರುವ ಮರ, ಬೆಳೆದು ನಿಂತ ಪೈರು, ಹುಲ್ಲು, ಮರದ ಮೇಲಿನ ಫಲ, ಮರದೊಳಗಿನ ರಸ.

ಪೆನ್ನು ಕೆಳಗಿಟ್ಟೆ. ಮರದ ಮೇಲಿನ ಫಲ. ಅದು ನೆಲದ ಪಾಲಲ್ಲ, ಎತ್ತಿಕೊಂಡು ಹೋಗುವ ಸರಕು ಎಂದು ಕಾಯ್ದೆಯೇ ಹೇಳುತ್ತಿತ್ತು. ನಾನು ಲೀಸಿನ ಮನೆಬಾಗಿಲು ತಟ್ಟುತ್ತಾ ಅಲೆದಿದ್ದೆ, ವಿಷಯ ನೋಂದಣಿಯ ಮನೆಯಲ್ಲಿ ಕೂತಿತ್ತು. 'ಗು' ಬಿಟ್ಟು ಮುಂದಕ್ಕೆ ಹೋಗದಿದ್ದರೆ ಆ ಪುಟ ತೆರೆಯಲು ಇನ್ನೆಷ್ಟು ತಿಂಗಳಾಗುತ್ತಿತ್ತೋ.

ಇಂಗ್ಲಿಷ್ ಡೈಜೆಸ್ಟಿನಲ್ಲಿ ಅದೇ ಕಲಮಿನ ಕೆಳಗೆ ಒಂದೂವರೆ ಸಾಲಿನ ನಮೂದು ಸಿಕ್ಕಿತು: ಹಣ್ಣು ತೆಗೆದುಕೊಳ್ಳುವ ಹಕ್ಕು ಮಾತ್ರ ಕೊಟ್ಟರೆ ಅದು ಲೀಸ್ ಅಲ್ಲ. ಡೈಜೆಸ್ಟಿನ ಸಾಲು ಕನ್ನಡಿಯೊಳಗಿನ ಗಂಟು, ಮೂಲ ತೀರ್ಪು ಕೈಗೆ ಸಿಗದೆ ಉಪಯೋಗವಿಲ್ಲ. ನಮ್ಮ ಬೀರುವಿನಲ್ಲಿ ಆ ಸಂಪುಟದ ಜಾಗ ಹಲ್ಲು ಬಿದ್ದಂತೆ ಖಾಲಿ. ಯಾರು ಒಯ್ದರು ಎಂದು ಜವಾನನನ್ನು ಕೇಳಿದರೆ ಅವನು ನಕ್ಕ. "ನಿಮ್ ಎದುರು ಪಾರ್ಟಿ ಲಾಯರ್ರೇ ಕಣಮ್ಮ. ತಗಂಡೋಗಿ ಕಾಲ ಆಯ್ತು."

ಮಾರನೆಯ ದಿನವೇ ಶೆಟ್ಟಿಕೆರೆ ಮೇಲೆ ಹೋಗುವ ಚಿಕ್ಕನಾಯಕನಹಳ್ಳಿಯ ಬಸ್ಸು ಹತ್ತಿದೆ. ದಾರಿಯಲ್ಲಿ ಟೈಲರಮ್ಮನ ತೋಟ ಕಂಡಿತು. ಅಕ್ಕಪಕ್ಕದ ತೋಟಗಳ ಪಾತಿಗಳು ಒದ್ದೆಯಾಗಿದ್ದವು, ಅವರದ್ದು ಬೂದಿಬಣ್ಣಕ್ಕೆ ತಿರುಗಿತ್ತು. ಗುಡ್ಡೆ ಹಾಕಿದ ಕಾಯಿ, ಕಾವಲಿನ ಗುಡಿಸಲು, ಬೇಲಿ, ಎಲ್ಲ ಇತ್ತು. ನೀರಿನ ಸುಳಿವಿರಲಿಲ್ಲ.

ವಾದಿಯ ವಕೀಲರು ಮನೆಯ ಜಗುಲಿಯಲ್ಲೇ ಇದ್ದರು. ಸಂಘದ ಸಂಪುಟ ಬೇಕು ಎಂದೆ. ಮೇಲಿಂದ ಕೆಳಗೆ ನೋಡಿ, "ಅಟ್ಟದ ಮೇಲೈತೆ, ಹತ್ತಮ್ಮ. ಯಾವ ಪುಟ ಅಂತ ನಾನು ಕೇಳಾಕಿಲ್ಲ" ಎಂದರು.

ಅಟ್ಟದ ತುಂಬ ಕೊಬ್ಬರಿಗೆಂದು ಇಟ್ಟ ಕಾಯಿ. ತಿಂಗಳುಗಟ್ಟಲೆ ಅಲ್ಲೇ ಒಣಗಿ, ಒಳಗಿನ ನೀರು ಬತ್ತಿ, ಅಲ್ಲಾಡಿಸಿದರೆ ಗುಡುಗುಡು ಎನ್ನುವವರೆಗೆ ಅವು ಅಲ್ಲೇ ಇರುತ್ತವೆ. ಮೂಲೆಯಲ್ಲಿ ಕಾಯಿಗಳ ಜೊತೆಗೇ ಕಾನೂನಿನ ವರದಿಗಳೂ ಒಣಗುತ್ತಿದ್ದವು. ಸಂಪುಟದ ಬೆನ್ನನ್ನು ಹುಳು ತಿಂದಿತ್ತು, ಹಾಳೆ ಜಿಡ್ಡಾಗಿತ್ತು. ಡೈಜೆಸ್ಟ್ ಕೊಟ್ಟ ಪುಟ ತೆಗೆದರೆ ಅಲ್ಲಿ ಯಾವುದೋ ಕೊಲೆ ಮೊಕದ್ದಮೆ. ಸಂಪುಟದ ಮೊದಲಿಗಿದ್ದ ಪ್ರಕರಣಸೂಚಿಯಲ್ಲಿ ಹೆಸರು ಹುಡುಕಿದ ಮೇಲೆ ಗೊತ್ತಾಯಿತು, ಡೈಜೆಸ್ಟಿನವರು ಪುಟದ ಅಂಕಿ ಹಿಂದುಮುಂದು ಮಾಡಿದ್ದರು.

ತೀರ್ಪನ್ನು ಅಲ್ಲೇ ಕೂತು ಓದಿದೆ. ಡೈಜೆಸ್ಟ್ ಹೇಳಿದ್ದು ಅರ್ಧ. ಹಣ್ಣು ಮಾತ್ರ ತೆಗೆದುಕೊಂಡರೆ ಲೀಸ್ ಅಲ್ಲ, ನಿಜ. ಆದರೆ ಅದರ ಮುಂದಿನ ಪ್ಯಾರಾದಲ್ಲಿ ಒಂದು ಷರತ್ತಿತ್ತು: ಹಣ್ಣು ಹಿಡಿದವನೇ ಉಳುಮೆ, ನೀರು, ಗೊಬ್ಬರ ನೋಡಿಕೊಂಡು ತೋಟವನ್ನು ಸಾಕುತ್ತಿದ್ದರೆ ಮಾತು ಬೇರೆ. ಪದ ಏನು ಬಳಸಿದರು ಎಂಬುದು ಮುಖ್ಯವಲ್ಲ, ಕೊಟ್ಟದ್ದೇನು ಎಂಬುದು ಮುಖ್ಯ. ನಕಲು ಬರೆದುಕೊಂಡು ಇಳಿದಾಗ ವಕೀಲರು ಮಜ್ಜಿಗೆ ಕೊಟ್ಟರು. "ಪುಸ್ತಕಾನೂ ತಗಂಡೋಗು. ನನ್ ಓದು ನೆನ್ನೇನೇ ಆಯ್ತು," ಎಂದರು. ಟೈಲರಮ್ಮನ ತೋಟದ ಪಕ್ಕ ಬಸ್ಸು ಹಾಯುವಾಗ ನಾನು ಆ ಕಡೆ ನೋಡಲಿಲ್ಲ.

ಸೀನಿಯರ್ ತೀರ್ಪು ಓದಿ ತೊಡೆ ತಟ್ಟಿಕೊಂಡರು. "ಮೊದಲ್ನೇ ಪ್ಯಾರಾ ಓದನ, ಎರಡನೇದು ಬುಡನ."

"ಅವರು ಓದ್ಕೊಂಡಿದ್ದಾರೆ ಸಾರ್. ನಾವು ಬಿಟ್ರೆ ಅವರು ಓದ್ತಾರೆ, ನಾವು ಮುಚ್ಚಿಟ್ವಿ ಅಂತಾಗುತ್ತೆ."

ಬಹಳ ಹೊತ್ತು ಕನ್ನಡಕ ಒರೆಸಿದರು. "ಹೂಂ. ಎರಡೂ ಓದನ. ಆಮೇಲೆ ದೇವ್ರು ಅವ್ನೆ."

ವಾದದ ದಿನ ಸೀನಿಯರ್ ಎರಡೂ ಪ್ಯಾರಾ ಓದಿದರು. ನೋಂದಣಿ ಕಾಯ್ದೆಯ ವ್ಯಾಖ್ಯೆಯನ್ನೂ ಓದಿದರು. ವಾದಿಯ ವಕೀಲರು ಎದ್ದು, ಎರಡನೇ ಪ್ಯಾರಾ ನಮ್ಮದೇ, ಬೇಲಿ, ಗುಡಿಸಲು ನಮ್ಮವು, ಸಾಕಿದವರು ನಾವು ಎಂದರು. ಜಡ್ಜ್ ಸಾಹೇಬರು ಹಿಂದಕ್ಕೆ ಒರಗಿ ಕೂತು ಎರಡೂ ಕಡೆ ನೋಡಿದರು. "ಗುತ್ತಿಗಿ ಗುತ್ತಿಗಿ ಅಂತೀರಿ ಇಬ್ಬರೂ. ಯಾತರ ಗುತ್ತಿಗಿ ಅಂತ ಒಬ್ಬರೂ ಕೇಳಿಲ್ಲಲ್ರೀ! ವಾದೀನ್ನ ಮತ್ತ ಕಟಕಟಿಗಿ ಕರೀರಿ. ನಾನಽ ಕೇಳ್ತೀನಿ." ಸಾಕ್ಷಿಯನ್ನು ಮತ್ತೆ ಕರೆದು ಪ್ರಶ್ನೆ ಕೇಳುವ ಅಧಿಕಾರ ಕೋರ್ಟಿಗಿದೆ. ವಾದಿಯ ವಕೀಲರು ಆಕ್ಷೇಪಿಸಿದರು, ಜಡ್ಜ್ ಸಾಹೇಬರು ಆಕ್ಷೇಪ ಬರೆದುಕೊಂಡು ಮುಂದುವರಿದರು.

ಕಾಯಿ ವ್ಯಾಪಾರಿ ಟವೆಲ್ಲು ಕೊಡವಿಕೊಂಡು ಹತ್ತಿದ. ಹಿಂದಿನ ಬೆಂಚಿನಲ್ಲಿ ಟೈಲರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು. ಇವನು ಈಗ ನೀರು ತಾನೇ ಕಟ್ಟಿದೆ ಎಂದರೆ ಮುಗಿಯಿತು. ಅಲ್ಲ ಎಂದು ತೋರಿಸಲು ನಮ್ಮ ಬಳಿ ಆಕೆಯ ಬಾಯಿಮಾತು ಬಿಟ್ಟು ಏನೂ ಇರಲಿಲ್ಲ.

"ನೋಡ್ರಿ, ನೀವು ಏನ ಗುತ್ತಿಗಿ ಹಿಡದ್ರಿ? ನೆಲಾನೋ, ಗಿಡಾನೋ, ಕಾಯೀನೋ?"

"ಗಿಡ ಅಲ್ಲ ಸ್ವಾಮಿ, ಮರ," ಎಂದು ಅವನು ಮೊದಲು, ಮರಕ್ಕೂ ಗಿಡ ಎನ್ನುವ ಕಡೆಯ ಜಡ್ಜ್ ಸಾಹೇಬರನ್ನೇ ತಿದ್ದಿದ. ಹಿಂದೆ ಯಾರೋ ಕಿಸಕ್ಕೆಂದರು. "ತೋಟ ಸ್ವಾಮಿ. ತೋಟ ಗುತ್ತಿಗೆ."

"ಈ ಬ್ಯಾಸಗಿಯೊಳಗ ತ್ವಾಟಕ್ಕ ನೀರು ಬಿಟ್ಟೀರೇನು?"

ಅವನು ವಕೀಲರ ಮುಖ ನೋಡಿದ. ವಕೀಲರು ಫೈಲು ನೋಡುತ್ತಿದ್ದರು. "ಬೇಲಿ ನಾನೇ ಕಟ್ಸಿದ್ದು ಸ್ವಾಮಿ," ಎಂದ.

"ನೀರು ಕೇಳಿದ್ನಿ."

"ನೀರು..." ಎಂದು ತಡೆದ. ಅಷ್ಟರಲ್ಲಿ ಸೀನಿಯರ್ ಎದ್ದು, ಸ್ವಾಮಿ ಅಪ್ಪಣೆಯಾದರೆ ಒಂದೇ ಪ್ರಶ್ನೆ ಎಂದರು. ಒಪ್ಪಿಗೆ ಸಿಕ್ಕಿತು. ಅವರು ಇಂಗ್ಲಿಷೂ ಬಿಟ್ಟರು, ಕೋರ್ಟಿನ ಕನ್ನಡವನ್ನೂ ಬಿಟ್ಟರು.

"ಯಜಮಾನ್ರೇ, ತೋಟದಲ್ಲಿ ಬಿದ್ದ ಗರಿ ಮಟ್ಟೆ ಯಾರ ಮನೆಗೆ ಹೋಯ್ತಿತ್ತು? ನಿಮ್ಮನೆಗೋ, ಟೈಲರಮ್ಮನ ಮನೆಗೋ?"

ವ್ಯಾಪಾರಿಯ ಮುಖ ಕೆಂಪಾಯಿತು. ನಮ್ಮ ಕಡೆ ಕಾಯಿ ಹಿಡಿದವನಿಗೆ ಕಾಯಿ, ಗರಿ ತೋಟದವರಿಗೆ. ಇನ್ನೊಬ್ಬರ ತೋಟದ ಗರಿ ಹೊತ್ತವನು ಎಂಬ ಹೆಸರು ಬಂದರೆ ಸುತ್ತಲಿನ ಹಳ್ಳಿಯಲ್ಲಿ ಯಾರೂ ಅವನಿಗೆ ಮುಂದೆ ಮರ ಬಿಡುವುದಿಲ್ಲ.

"ಏನ್ ಮಾತು ಅಂತ ಆಡ್ತೀರಿ ಸ್ವಾಮಿ! ಗರಿ ಅವ್ರದ್ದೇ. ಗರಿ ಗುತ್ತಿಗೆಗೆ ಬರಾಕಿಲ್ಲ. ಒಂದು ಕಡ್ಡೀನೂ ನಾನು ಮುಟ್ಟಿಲ್ಲ, ಬೇಕಾದ್ರೆ ಆ ತಾಯೀನೇ ಕೇಳಿ." ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ಯಾಕೆ ಮುಚ್ಚಿಡಲಿ ಎಂಬಂತೆ, "ನೀರೂ ಅಷ್ಟೇ. ನೀರು ಕಟ್ಟೋದು ತೋಟದವ್ರು. ನಾನು ಕಾಯಿ ಕೀಳ್ಸೋನು" ಎಂದ. ಆಮೇಲೆ ಟೈಲರಮ್ಮನ ಕಡೆ ತಿರುಗಿದ. "ಬೇರೆಯೋರಿಗೆ ಕೊಡೋದಾಗಿದ್ರೆ ಒಂದ್ ಮಾತು ಹೇಳ್ಬೇಕಿತ್ತು. ಇಷ್ಟ್ ವರ್ಷ ಮಾಡ್ಕಂಡ್ ಬಂದೋನಿಗೆ ಅಷ್ಟೂ ಬೆಲೆ ಇಲ್ವಾ?"

ಟೈಲರಮ್ಮ ಕೂತಲ್ಲಿಂದಲೇ, ತಲೆ ಎತ್ತದೆ, "ಹೇಳ್ಬೇಕಿತ್ತು ಕಣಣ್ಣ" ಎಂದರು. ಕೋರ್ಟಿನಲ್ಲಿ ಹಾಗೆ ಮಾತಾಡಕೂಡದು. ಜಡ್ಜ್ ಸಾಹೇಬರು ಗದರಲಿಲ್ಲ.

ದಾವೆ ವಜಾ ಆಯಿತು, ತಡೆಯಾಜ್ಞೆಯೂ ಹೋಯಿತು. ಇಂಗ್ಲಿಷ್ ತೀರ್ಪಿನಲ್ಲಿ ಜಡ್ಜ್ ಸಾಹೇಬರು ಆ ಪದವನ್ನು ಈ ಸಲ ಅನುವಾದ ಮಾಡಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ 'ಗುತ್ತಿಗೆ' ಎಂದೇ ಟೈಪ್ ಮಾಡಿಸಿ, ಅದು ಇಲ್ಲಿ ಕಾಯಿಗಳದ್ದು, ನೆಲದ್ದಲ್ಲ ಎಂದು ಮುಂದೆ ವಿವರಿಸಿದ್ದರು. ಅಪೀಲು ಹೋಗುವುದಿಲ್ಲ ಎಂದು ವಾದಿಯ ವಕೀಲರು ಅಂದೇ ಹೇಳಿದರು. ಮೆಟ್ಟಿಲಿಳಿಯುವಾಗ ನನ್ನನ್ನು ನಿಲ್ಲಿಸಿ, "ನಿನ್ ಹೊಸಾ ಪುಸ್ತಕದಾಗೆ ಅದೇನ್ ಬರೀತೀಯೋ, ನನ್ನ ಹಳೇದಕ್ಕೂ ಅಂಟಿಸ್ಕಳಾಕೆ ಒಂದು ಚೀಟಿ ಕೊಡಮ್ಮ. ಮರ್ಯಾದೆ ಹೋಯ್ತು" ಎಂದು ನಕ್ಕರು.

ಈಗ ಕಾರ್ಡು ಬರೆಯಲು ನನಗೆ ಅಡ್ಡಿ ಇರಲಿಲ್ಲ. ನಮ್ಮ ದಾವೆಯ ತೀರ್ಪನ್ನು ಅದರಲ್ಲಿ ಹಾಕುವಂತಿರಲಿಲ್ಲ. ತಾಲ್ಲೂಕು ಕೋರ್ಟಿನ ತೀರ್ಪು ಯಾವ ವರದಿಗೂ ಹತ್ತುವುದಿಲ್ಲ, ಕಟ್ಟಿನೊಳಗೆ ಕೂತು ಧೂಳು ತಿನ್ನುತ್ತದೆ. ಹೈಕೋರ್ಟಿನದ್ದನ್ನು ಎರಡೂ ಪ್ಯಾರಾ ಸೇರಿಸಿ, ಸರಿಯಾದ ಪುಟಸಂಖ್ಯೆಯೊಂದಿಗೆ ಹಾಕಿದೆ. ಚರಸ್ವತ್ತಿನ ಕಡೆಗೆ ಕೈತೋರಿಸಿದೆ. ಸಮಚಿಹ್ನೆ ಹೊಡೆದುಹಾಕಿದೆ. ಆ ಜಾಗದಲ್ಲಿ ಏನು ಹಾಕಬೇಕು ಎಂದು ಯೋಚಿಸಿ, ಬರೆದು, ಹರಿದು, ಕೊನೆಗೆ ಒಂದು ಸಾಲು ಬರೆದೆ. ಹಳೆಯ ಪ್ರತಿಗಳು ಕೋರ್ಟು ಕೋರ್ಟುಗಳಲ್ಲಿ ಇನ್ನೂ ಓಡಾಡುತ್ತಿದ್ದುದರಿಂದ ಅದೇ ಸಾಲನ್ನು ಚೀಟಿಯಾಗಿ ಅಚ್ಚು ಮಾಡಿಕೊಡಿ ಎಂದು ಪ್ರಕಾಶಕರನ್ನು ಬೇಡಿಕೊಂಡೆ. ಗೊಣಗಿಕೊಂಡೇ ಮಾಡಿಕೊಟ್ಟರು. ದೊಡ್ಡ ಹಾಳೆಯಲ್ಲಿ ಸಾಲುಸಾಲು ಚೀಟಿಗಳು, ಕತ್ತರಿಸಿರಲಿಲ್ಲ.

ನನ್ನ ಕೈಯಲ್ಲಿ ಕತ್ತರಿ ನೆಟ್ಟಗೆ ಹೋಗುವುದಿಲ್ಲ. ಹಾಳೆಗಳನ್ನು ಸುತ್ತಿಕೊಂಡು ಟೈಲರಮ್ಮನ ಅಂಗಡಿಗೆ ಹೋದೆ. ತೋಟದಿಂದ ತಂದ ಗರಿಯ ಹೊಸ ಪೊರಕೆಯೊಂದು ಬಾಗಿಲಲ್ಲಿ ಒರಗಿತ್ತು. ನೀರು ಬಿಟ್ಟ ಮೇಲೆ ಸುಳಿ ಚಿಗುರುತ್ತಿದೆ ಎಂದರು. ಹಳೇ ವ್ಯಾಪಾರಿಗೇ ಈ ಸಲ ಹೇಳಿಕಳಿಸಿದ್ದರಂತೆ. ಅವನು ಇನ್ನೂ ಮುನಿಸು ಬಿಟ್ಟಿಲ್ಲವಂತೆ, ಆದರೂ ಮರ ನೋಡಿಕೊಂಡು ಹೋಗಿದ್ದಾನಂತೆ.

ಮೇಜಿನ ಮೇಲೆ ಹಾಳೆ ಹರವಿ, ದೊಡ್ಡ ಕತ್ತರಿಯಲ್ಲಿ ಒಂದೇ ಎಳೆತಕ್ಕೆ ಒಂದು ಪಟ್ಟಿ ಸೀಳಿದರು. ಮೊದಲ ಚೀಟಿಯನ್ನು ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸುತ್ತಾ ನಿಧಾನಕ್ಕೆ ಓದಿದರು.

"ಗುತ್ತಿಗೆ. ಯಾವುದರ ಗುತ್ತಿಗೆ ಎಂದು, ಆ ಪದ ಹೇಳಿದವರನ್ನೇ ಕೇಳಬೇಕು."

ಇನ್ನೊಮ್ಮೆ ಓದಿದರು. ಕತ್ತರಿ ಕೆಳಗಿಟ್ಟು ನನ್ನ ಮುಖ ನೋಡಿದರು.

"ಆವತ್ತೇ ಕೇಳಿದ್ರೆ ನಾನೇ ಹೇಳ್ತಿದ್ನಲ್ಲ ಲಾಯರಮ್ಮ."